ಇಪ್ಪತ್ತೆಂಟು ಸೆಕೆಂಡಿನ ಗುಣಲಬ್ಧ: 26 ಅಂಕಿಗಳ ಒಂದು ಸಂಖ್ಯೆಯ ಪ್ರಕರಣ ಅಧ್ಯಯನ

1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ, ಅಲ್ಲಿನ ಕಂಪ್ಯೂಟರ್ ವಿಭಾಗದವರು ಮನಬಂದಂತೆ ಆರಿಸಿಕೊಟ್ಟ 13 ಅಂಕಿಗಳ ಎರಡು ಸಂಖ್ಯೆಗಳನ್ನು, ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿಯವರು ಮನಸ್ಸಿನಲ್ಲೇ ಗುಣಿಸಿ 28 ಸೆಕೆಂಡುಗಳಲ್ಲಿ ಉತ್ತರ ಹೇಳಿದರು. ಗುಣ್ಯ 7,686,369,774,870. ಗುಣಕ 2,465,099,745,779. ಅವರು ಹೇಳಿದ ಗುಣಲಬ್ಧ 18,947,668,177,995,426,462,773,730. ಈ ಸಾಧನೆ 1982ರ ಗಿನ್ನೆಸ್ ದಾಖಲೆ ಪುಸ್ತಕದಲ್ಲಿ ಸೇರಿತು. ಅಂದಿನಿಂದ ಇಂದಿನವರೆಗೂ ನಾವು ಆ 28 ಸೆಕೆಂಡುಗಳ ಬಗ್ಗೆ ಮಾತನಾಡಿದ್ದೇವೆಯೇ ಹೊರತು, ಆ ಸಂಖ್ಯೆಯ ಬಗ್ಗೆ ಮಾತನಾಡಿದ್ದು ಕಡಿಮೆ. ಉತ್ತರವಾಗಿ ಬಂದು ನಿಂತ ಆ 26 ಅಂಕಿಗಳ ಸಂಖ್ಯೆ ಎಂಥದ್ದು, ಗಣಿತದ ಯಾವ ಯಾವ ವರ್ಗಗಳಿಗೆ ಅದು ಸೇರುತ್ತದೆ, ಯಾವುವಕ್ಕೆ ಸೇರುವುದಿಲ್ಲ, ಮತ್ತು ಅದನ್ನು ಪೂರ್ತಿ ಬಿಡಿಸದೆಯೇ ಇವುಗಳನ್ನು ಎಷ್ಟರಮಟ್ಟಿಗೆ ಖಚಿತವಾಗಿ ಹೇಳಬಹುದು ಎಂಬುದೇ ಈ ಅಧ್ಯಯನದ ವಿಷಯ. ಬರವಣಿಗೆಯ ಅನುಕೂಲಕ್ಕಾಗಿ ಮುಂದೆ ಇದನ್ನು ‘ನಮ್ಮ ಸಂಖ್ಯೆ’ ಎಂದು ಕರೆಯುತ್ತೇನೆ.

ಮೊದಲು ಅದನ್ನು ಓದುವ ಪ್ರಶ್ನೆ. ಲಕ್ಷ, ಕೋಟಿಗಳಲ್ಲಿ ಓದಿದರೆ ಇದು 18,947 ಕೋಟಿ ಕೋಟಿ ಕೋಟಿಯನ್ನು ದಾಟುತ್ತದೆ, ಆದರೆ ಹಾಗೆ ಓದಿದಾಗ ನಾಲಿಗೆಗೂ ಕಿವಿಗೂ ಹಿಡಿತ ಸಿಗುವುದಿಲ್ಲ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಏಕ, ದಶ, ಶತದಿಂದ ತೊಡಗಿ ಖರ್ವ, ಪದ್ಮ, ಶಂಖ, ಕ್ಷಿತಿಗಳನ್ನು ಹಾದು ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ನಮ್ಮ ಸಂಖ್ಯೆಗೆ 26 ಸ್ಥಾನಗಳು ಬೇಕು. ಅಂದರೆ ಮಾನ್ಯಖೇಟದ ಅರಸನ ಕಾಲದ ಆ ದೀರ್ಘ ಪಟ್ಟಿಯನ್ನೂ ಇದು ಎರಡು ಸ್ಥಾನಗಳಷ್ಟು ಮೀರುತ್ತದೆ, ಮತ್ತು ಆ ಪರಿಭಾಷೆಯಲ್ಲಿ ಇದನ್ನು ‘189 ಮಹಾಕ್ಷೋಭಕ್ಕೂ ಮೇಲೆ’ ಎನ್ನಬೇಕಾಗುತ್ತದೆ. ಹೆಸರುಗಳ ಸಾಲು ಮುಗಿದ ಮೇಲೂ ಸಂಖ್ಯೆ ಮುಂದುವರಿಯುವುದನ್ನು ಕಂಡಾಗ, ಸ್ಥಾನಬೆಲೆಯ ಪದ್ಧತಿ ನಮಗೆ ಎಷ್ಟು ದೊಡ್ಡ ಅನುಕೂಲವನ್ನು ಮಾಡಿಕೊಟ್ಟಿದೆ ಎಂಬುದು ನನಗೆ ಪ್ರತಿ ಸಲವೂ ಹೊಸದಾಗಿ ಅನಿಸುತ್ತದೆ.

ವರ್ಗೀಕರಣಕ್ಕೆ ಮುನ್ನ ಉತ್ತರ ಸರಿಯೇ ಎಂದು ನೋಡಿಕೊಳ್ಳಬೇಕು. ಅಚ್ಚಿನಲ್ಲಿ ಒಂದು ಅಂಕಿ ತಪ್ಪಿದ್ದರೂ ಮುಂದಿನ ಮಾತುಗಳೆಲ್ಲ ಬೇರೊಂದು ಸಂಖ್ಯೆಯ ಬಗ್ಗೆ ಆಡಿದಂತಾಗುತ್ತದೆ. ಶಾಲೆಯಲ್ಲಿ ಕಲಿತ ಒಂಬತ್ತರ ತಾಳೆ ಮೊದಲನೆಯದು: ಗುಣ್ಯದ ಅಂಕಿಗಳ ಮೊತ್ತ 78, ಒಂಬತ್ತರಿಂದ ಭಾಗಿಸಿದರೆ ಶೇಷ 6. ಗುಣಕದ ಮೊತ್ತ 74, ಶೇಷ 2. ಆರೆರಡಲ ಹನ್ನೆರಡು, ಅದರ ಶೇಷ 3. ಗುಣಲಬ್ಧದ ಅಂಕಿಗಳ ಮೊತ್ತ 138, ಅದರ ಶೇಷವೂ 3. ತಾಳೆಯಾಯಿತು. ಆದರೆ ಈ ತಾಳೆಗೆ ಒಂದು ದೊಡ್ಡ ಕೊರತೆಯಿದೆ. ಅಂಕಿಗಳು ತಮ್ಮತಮ್ಮಲ್ಲಿ ಜಾಗ ಬದಲಿಸಿಕೊಂಡರೆ ಮೊತ್ತ ಬದಲಾಗದ ಕಾರಣ ತಪ್ಪು ಸಿಕ್ಕಿಬೀಳುವುದಿಲ್ಲ.

ಆದ್ದರಿಂದ 1001ರ ತಾಳೆಯನ್ನೂ ಮಾಡಿದೆ. ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಗಳ ಗುಂಪುಗಳಾಗಿ ಒಡೆದು, ಒಂದನ್ನು ಕೂಡಿ ಮುಂದಿನದನ್ನು ಕಳೆಯುತ್ತ ಹೋದರೆ ಸಿಗುವ ಸಂಖ್ಯೆಗೂ ಮೂಲ ಸಂಖ್ಯೆಗೂ 1001ರಿಂದ ಭಾಗಿಸಿದಾಗ ಒಂದೇ ಶೇಷ ಉಳಿಯುತ್ತದೆ. ಗುಣ್ಯಕ್ಕೆ 870 − 774 + 369 − 686 + 7, ಅಂದರೆ −214. ಗುಣಕಕ್ಕೆ 779 − 745 + 99 − 465 + 2, ಅಂದರೆ −330. ಇವೆರಡರ ಗುಣಲಬ್ಧ 70,620, ಅದನ್ನು 1001ರಿಂದ ಭಾಗಿಸಿದರೆ ಶೇಷ 550. ಈಗ ಉತ್ತರದ ಕಡೆ: 730 − 773 + 462 − 426 + 995 − 177 + 668 − 947 + 18. ಇದನ್ನು ಕೂಡಿ ಕಳೆದು ಮುಗಿಸಿದಾಗ ಕಾಗದದ ಮೇಲೆ 550 ಎಂದೇ ಬಂತು. ಅದೇ ಗುಂಪುಗಳನ್ನು ಬರೀ ಕೂಡಿದರೆ 999ರ ತಾಳೆಯಾಗುತ್ತದೆ, ಅಲ್ಲಿಯೂ ಎರಡೂ ಕಡೆ ಶೇಷ 201. ಕೊನೆಯ ಗುಂಪುಗಳಾದ 870 ಮತ್ತು 779ನ್ನು ಗುಣಿಸಿದರೆ 677,730 ಬರುತ್ತದೆ, ಅದರ ಕೊನೆಯ ಮೂರು ಅಂಕಿಗಳಾದ 730 ಉತ್ತರದ ಕೊನೆಯಲ್ಲಿವೆ. ಈ ಮೂರೂ ಪರೀಕ್ಷೆಗಳನ್ನು ದಾಟಿಯೂ ಉತ್ತರ ತಪ್ಪಾಗಿರಬೇಕೆಂದರೆ, ಆ ತಪ್ಪು 1000, 999 ಮತ್ತು 1001 ಮೂರರಿಂದಲೂ ನಿಶ್ಶೇಷವಾಗಿ ಭಾಗವಾಗುವಂಥದ್ದಾಗಿರಬೇಕು, ಅಂದರೆ ಸುಮಾರು ನೂರು ಕೋಟಿಯ ಹೆಜ್ಜೆಗಳಲ್ಲೇ ಆಗಿರಬೇಕು. ಒಂದು ಅಂಕಿ ತಪ್ಪಿದರೆ ಅಥವಾ ಪಕ್ಕದ ಎರಡು ಅಂಕಿಗಳು ಅದಲುಬದಲಾದರೆ ಅಂಥ ವ್ಯತ್ಯಾಸ ಹುಟ್ಟಲಾರದು.

ಇಲ್ಲಿ ನನ್ನದೇ ಒಂದು ತಪ್ಪನ್ನು ದಾಖಲಿಸಬೇಕು. ಮೊದಲ ದಿನ ನಾನು ಈ ಸಂಖ್ಯೆಯನ್ನು ಕಂಪ್ಯೂಟರಿನ ಸ್ಪ್ರೆಡ್‌ಶೀಟಿನ ಒಂದು ಕೋಶದಲ್ಲಿ ಟೈಪ್ ಮಾಡಿ, ಅಲ್ಲಿಂದಲೇ ಭಾಗಾಕಾರ ಶುರು ಮಾಡಿದ್ದೆ. ಕೋಶವನ್ನು ಅಗಲಿಸಿ ನೋಡಿದಾಗ 189476681779954ರ ನಂತರ ಹನ್ನೊಂದು ಸೊನ್ನೆಗಳು ನಿಂತಿದ್ದವು. ಸ್ಪ್ರೆಡ್‌ಶೀಟು 15 ಸಾರ್ಥಕ ಅಂಕಿಗಳನ್ನಷ್ಟೇ ಉಳಿಸಿಕೊಂಡು ಮಿಕ್ಕವನ್ನು ಸೊನ್ನೆ ಮಾಡುತ್ತದೆ. ಇದು ತೋರಿಕೆಯ ದೋಷವಲ್ಲ. ದ್ವಿಮಾನ ಪದ್ಧತಿಯಲ್ಲಿ ನಮ್ಮ ಸಂಖ್ಯೆಯನ್ನು ಬರೆಯಲು 84 ಬಿಟ್‌ಗಳು ಬೇಕು, ಆದರೆ ಇಂಥ ತಂತ್ರಾಂಶಗಳು ದಶಮಾಂಶಗಳಿಗಾಗಿ ಬಳಸುವ ರೂಪದಲ್ಲಿ ಸಾರ್ಥಕವಾದ ಬಿಟ್‌ಗಳು 53 ಮಾತ್ರ. ಹಾಗಾಗಿ ಆ ರೂಪದಲ್ಲಿ ಈ ಗಾತ್ರದ ಯಾವ ಸಂಖ್ಯೆಯನ್ನಿಟ್ಟರೂ ಅದು 2ರ 31ನೆಯ ಘಾತದ, ಅಂದರೆ 2,147,483,648ರ ಅಪವರ್ತ್ಯವಾಗಿಯೇ (ಅದರಿಂದ ನಿಶ್ಶೇಷವಾಗಿ ಭಾಗವಾಗುವಂತೆಯೇ) ಉಳಿಯುತ್ತದೆ. ಯಂತ್ರವನ್ನು ಕೇಳಿದರೆ ನಮ್ಮ ಸಂಖ್ಯೆ 4ರಿಂದ ಭಾಗವಾಗುತ್ತದೆ ಎಂದು ಹೇಳುತ್ತದೆ. ನಿಜದಲ್ಲಿ ಅದರ ಕೊನೆಯ ಎರಡು ಅಂಕಿಗಳು 30, ಆದ್ದರಿಂದ 4ರಿಂದ ಭಾಗಿಸಿದರೆ ಶೇಷ 2 ಉಳಿಯುತ್ತದೆ. ಸಂಖ್ಯೆಯ ಗಾತ್ರ ತಿಳಿಯಲು ಮೊದಲ ಹದಿನೈದು ಅಂಕಿಗಳು ಧಾರಾಳವಾಗಿ ಸಾಕು, ಆದರೆ ಅದರ ಜಾತಿಯನ್ನು ತಿಳಿಯಲು ಕೊನೆಯ ಅಂಕಿಯವರೆಗೂ ಬೇಕೇ ಬೇಕು. ಆಮೇಲೆ ಎಲ್ಲವನ್ನೂ ಕಾಗದದ ಮೇಲೆ, ಮೂರಂಕಿಯ ಗುಂಪುಗಳಲ್ಲಿ ಮಾಡಿದೆ.

ಅಪವರ್ತನಗಳ ಕಡೆ ಬರೋಣ. ಗುಣಲಬ್ಧವಾಗಿಯೇ ಹುಟ್ಟಿದ್ದರಿಂದ ಇದು ಅವಿಭಾಜ್ಯವಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಡ. ಗುಣ್ಯ ಸೊನ್ನೆಯಲ್ಲಿ ಮುಗಿಯುತ್ತದೆ, ಅದರ ಅಂಕಿಗಳ ಮೊತ್ತ 3ರಿಂದ ಭಾಗವಾಗುತ್ತದೆ, ಆದ್ದರಿಂದ 30 ಅದರ ಅಪವರ್ತನ. ಭಾಗಿಸಿದರೆ 256,212,325,829 ಉಳಿಯುತ್ತದೆ. ಗುಣಕದಲ್ಲಿ ಅಡಗಿದ್ದ ಅಪವರ್ತನವನ್ನು 1001ರ ತಾಳೆಯೇ ಹೊರಗೆಳೆದಿತ್ತು: 1001 ಎಂದರೆ 7, 11 ಮತ್ತು 13ರ ಗುಣಲಬ್ಧ, ಗುಣಕಕ್ಕೆ ಬಂದ −330 ಹನ್ನೊಂದರಿಂದ ಭಾಗವಾಗುತ್ತದೆ, ಆದ್ದರಿಂದ ಗುಣಕವೂ ಹನ್ನೊಂದರಿಂದ ಭಾಗವಾಗಲೇಬೇಕು. ಭಾಗಿಸಿದರೆ 224,099,976,889. ಹೀಗೆ ನಮ್ಮ ಸಂಖ್ಯೆ 330, 256,212,325,829 ಮತ್ತು 224,099,976,889 ಎಂಬ ಮೂರು ತುಂಡುಗಳಾಯಿತು. ಹನ್ನೆರಡು ಅಂಕಿಗಳ ಈ ಎರಡು ತುಂಡುಗಳನ್ನು 100ಕ್ಕಿಂತ ಚಿಕ್ಕದಾದ 25 ಅವಿಭಾಜ್ಯಗಳಿಂದಲೂ ಒಂದೊಂದಾಗಿ ಭಾಗಿಸಿ ನೋಡಿದೆ. ಯಾವುದೂ ನಿಶ್ಶೇಷವಾಗಿ ಹೋಗಲಿಲ್ಲ. ಅಂದರೆ ನೂರರೊಳಗೆ ನಮ್ಮ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯಗಳು 2, 3, 5 ಮತ್ತು 11 ಮಾತ್ರ, ಅವೂ ಒಂದೊಂದು ಸಲ ಮಾತ್ರ.

ಎರಡು ತುಂಡುಗಳಿಗೆ ಸಾಮಾನ್ಯ ಅಪವರ್ತನ ಇದೆಯೇ ಎಂಬುದನ್ನು ತಿಳಿಯಲು ಅವುಗಳನ್ನು ಬಿಡಿಸುವ ಅಗತ್ಯವೇ ಇಲ್ಲ. ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ, ಶೇಷದಿಂದ ಮತ್ತೆ ಚಿಕ್ಕದನ್ನು ಭಾಗಿಸುತ್ತ ಹೋಗುವ ಯೂಕ್ಲಿಡನ ವಿಧಾನವಿದೆ. ಸಮೀಕರಣಗಳಿಗೆ ಪೂರ್ಣಾಂಕ ಉತ್ತರಗಳನ್ನು ಹುಡುಕುವ ಆರ್ಯಭಟನ ಕುಟ್ಟಕ ವಿಧಾನದ ಬೆನ್ನೆಲುಬೂ ಇದೇ ಪರಸ್ಪರ ಭಾಗಾಕಾರ. ಮೊದಲ ಶೇಷ 32,112,348,940. ಆಮೇಲೆ ಶೇಷಗಳು ಮೆಲ್ಲಮೆಲ್ಲನೆ ಕರಗುತ್ತ 442, 215, 12, 11 ಎಂದು ಇಳಿದು, 23ನೆಯ ಭಾಗಾಕಾರದಲ್ಲಿ 1 ಉಳಿಯಿತು. ಆದ್ದರಿಂದ ಎರಡು ತುಂಡುಗಳು ಸಹ-ಅವಿಭಾಜ್ಯಗಳು. ಮೂಲ ಗುಣ್ಯ ಮತ್ತು ಗುಣಕಗಳೂ ಹಾಗೆಯೇ. ಇದರಿಂದ ನಮ್ಮ ಸಂಖ್ಯೆಗೆ ಕನಿಷ್ಠ ಆರು ಬೇರೆ ಬೇರೆ ಅವಿಭಾಜ್ಯ ಅಪವರ್ತನಗಳೂ ಕನಿಷ್ಠ 64 ಭಾಜಕಗಳೂ ಇವೆ ಎಂದು ಖಚಿತವಾಗುತ್ತದೆ. ಹಾರ್ಡಿ ಮತ್ತು ರಾಮಾನುಜನ್ 1917ರಲ್ಲಿ ಪ್ರಕಟಿಸಿದ ಪ್ರಮೇಯದ ಪ್ರಕಾರ, ಬಹುಪಾಲು ಸಂಖ್ಯೆಗಳಲ್ಲಿ ಬೇರೆ ಬೇರೆ ಅವಿಭಾಜ್ಯ ಅಪವರ್ತನಗಳ ಎಣಿಕೆಯು ಆ ಸಂಖ್ಯೆಯ ಸ್ವಾಭಾವಿಕ ಲಾಗರಿದಮಿನ ಸ್ವಾಭಾವಿಕ ಲಾಗರಿದಮಿಗೆ ಸಮೀಪದಲ್ಲಿರುತ್ತದೆ. ನಮ್ಮ ಸಂಖ್ಯೆಯ ಗಾತ್ರಕ್ಕೆ ಅದು ಸುಮಾರು 4. ಮನಬಂದಂತೆ ಆರಿಸಿದ ಸಂಖ್ಯೆಗಳಿಂದ ಹುಟ್ಟಿದರೂ ಇದು ಸಾಮಾನ್ಯಕ್ಕಿಂತ ತುಸು ಹೆಚ್ಚು ಅಪವರ್ತನಗಳುಳ್ಳದ್ದು.

ಇಷ್ಟು ಸಾಮಗ್ರಿ ಕೈಗೆ ಬಂದ ಮೇಲೆ ವರ್ಗೀಕರಣ ಬಹುದೂರ ಸಾಗುತ್ತದೆ. ಎರಡು ಒಂದೇ ಸಲ ಭಾಗಿಸುವುದರಿಂದ ಇದು ಪೂರ್ಣವರ್ಗವಲ್ಲ, ಪೂರ್ಣಘನವಲ್ಲ, ಯಾವ ಪೂರ್ಣ ಸಂಖ್ಯೆಯ ಯಾವ ಘಾತವೂ ಅಲ್ಲ. ನಾಲ್ಕರಿಂದ ಭಾಗಿಸಿದಾಗ ಶೇಷ 2 ಆದ್ದರಿಂದ ಎರಡು ವರ್ಗಗಳ ವ್ಯತ್ಯಾಸವಾಗಿಯೂ ಇದನ್ನು ಬರೆಯಲಾಗದು. ಮೂರು ಒಂದೇ ಸಲ ಭಾಗಿಸುವುದರಿಂದ ಎರಡು ವರ್ಗಗಳ ಮೊತ್ತವಾಗಿ ಬರೆಯಲಾಗದು. ನಾಲ್ಕರಿಂದ ಭಾಗಿಸಿದಾಗ 3 ಉಳಿಯುವ ಅವಿಭಾಜ್ಯಗಳು ಸಮಸಂಖ್ಯೆಯ ಸಲವೇ ಬರಬೇಕೆಂಬುದು ಅಲ್ಲಿನ ನಿಯಮ, ಇಲ್ಲಿ 3 ಮತ್ತು 11 ಎರಡೂ ಅದನ್ನು ಮುರಿಯುತ್ತವೆ. ಆದರೆ ಮೂರು ವರ್ಗಗಳ ಮೊತ್ತವಾಗಿ ಖಂಡಿತ ಬರೆಯಬಹುದು, ಏಕೆಂದರೆ ಎಂಟರಿಂದ ಭಾಗಿಸಿದಾಗ ಶೇಷ 2, ಲಜಾಂಡ್ರನ ಪ್ರಮೇಯ ತಡೆಯುವುದು, 4ರಿಂದ ಸಾಧ್ಯವಾದಷ್ಟು ಸಲ ಭಾಗಿಸಿದ ಮೇಲೆ ಎಂಟರಿಂದ ಭಾಗಿಸಿದಾಗ 7 ಉಳಿಯುವ ಸಂಖ್ಯೆಗಳನ್ನು ಮಾತ್ರ, ಆ ಗುಂಪಿಗೆ ಇದು ಸೇರುವುದಿಲ್ಲ. ಏಳರಿಂದ ಭಾಗಿಸಿದರೆ ಶೇಷ 4. ತ್ರಿಕೋನ ಸಂಖ್ಯೆಗಳು ಏಳರಿಂದ ಭಾಗಿಸಿದಾಗ 0, 1, 3, 6 ಶೇಷಗಳನ್ನು ಮಾತ್ರ ಕೊಡುವುದರಿಂದ ಇದು ತ್ರಿಕೋನ ಸಂಖ್ಯೆಯೂ ಅಲ್ಲ.

ನನಗೆ ತುಂಬ ಹಿಡಿಸಿದ್ದು ಭಾಜಕಗಳ ಮೊತ್ತದ ಪ್ರಶ್ನೆ. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ತನಗಿಂತ ಹೆಚ್ಚಾದರೆ ಅದು ಅಧಿಕ ಸಂಖ್ಯೆ, ಸರಿಸಮವಾದರೆ ಪರಿಪೂರ್ಣ ಸಂಖ್ಯೆ, ಕಡಿಮೆಯಾದರೆ ನ್ಯೂನ ಸಂಖ್ಯೆ. ಆರರ ಅಪವರ್ತ್ಯಗಳಲ್ಲಿ 6ನ್ನು ಬಿಟ್ಟು ಉಳಿದವೆಲ್ಲ ಅಧಿಕ ಸಂಖ್ಯೆಗಳಾದ್ದರಿಂದ ನಮ್ಮದೂ ಅಧಿಕವೇ. ಎಷ್ಟು ಅಧಿಕ? 330ರ ಎಲ್ಲ ಭಾಜಕಗಳ ಮೊತ್ತ 864, ಅಂದರೆ ಅನುಪಾತ 2.618. ಉಳಿದ ಎರಡು ತುಂಡುಗಳು ಈ ಅನುಪಾತವನ್ನು ಏರಿಸುತ್ತವೆ, ಆದರೆ ಏರಿಕೆಗೆ ಮಿತಿಯಿದೆ. ಅವುಗಳ ಪ್ರತಿ ಅವಿಭಾಜ್ಯ ಅಪವರ್ತನವೂ ಕನಿಷ್ಠ 101. 101ನ್ನು ಆರು ಸಲ ಗುಣಿಸಿದರೆ ಎರಡು ತುಂಡುಗಳನ್ನೂ ಮೀರುವುದರಿಂದ ಒಂದೊಂದರಲ್ಲಿ ಹೆಚ್ಚೆಂದರೆ ಐದು ಅವಿಭಾಜ್ಯಗಳಿರಬಹುದು. ಪ್ರತಿಯೊಂದು ಅವಿಭಾಜ್ಯವೂ ಅನುಪಾತವನ್ನು 1.01 ಪಟ್ಟಿಗಿಂತ ಹೆಚ್ಚಿಸಲಾರದು, ಆದ್ದರಿಂದ ಹತ್ತೂ ಸೇರಿ 1.105 ಪಟ್ಟನ್ನು ಮುಟ್ಟಲಾರವು. ಹಾಗಾಗಿ ನಮ್ಮ ಸಂಖ್ಯೆಯ ಎಲ್ಲ ಭಾಜಕಗಳ ಮೊತ್ತವು ಅದರ 2.618 ಪಟ್ಟಿಗಿಂತ ಹೆಚ್ಚು, 2.9 ಪಟ್ಟಿಗಿಂತ ಕಡಿಮೆ. ಭಾಜಕಗಳ ಮೊತ್ತ ಸರಿಯಾಗಿ ಮೂರು ಪಟ್ಟಾಗುವ, 120 ಮತ್ತು 672ರಂಥ ಅಪರೂಪದ ಸಂಖ್ಯೆಗಳ ಸಾಲಿಗೆ ಇದು ಸೇರುವುದಿಲ್ಲ ಎಂಬುದೂ ಇದರಿಂದಲೇ ಸಿದ್ಧವಾಗುತ್ತದೆ. ಎರಡು ದೊಡ್ಡ ತುಂಡುಗಳ ಒಳಗೆ ಏನಿದೆ ಎಂದು ಇಣುಕಿಯೂ ನೋಡದೆ ಇಷ್ಟನ್ನು ಹೇಳಲು ಸಾಧ್ಯವಾಯಿತು.

ಇನ್ನೊಂದು ಬಗೆಯ ವರ್ಗಗಳು ಅಂಕಿಗಳನ್ನು ಆಧರಿಸಿದವು. ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ಡಿ. ಆರ್. ಕಾಪ್ರೇಕರ್ ಅವರು, ತನ್ನ ಅಂಕಿಗಳ ಮೊತ್ತದಿಂದ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆಗೆ ‘ಹರ್ಷದ’ ಎಂದು ಹೆಸರಿಟ್ಟರು. ನಮ್ಮ ಸಂಖ್ಯೆಯ ಅಂಕಿಗಳ ಮೊತ್ತ 138, ಅಂದರೆ 6 ಮತ್ತು 23ರ ಗುಣಲಬ್ಧ. ಆರರಿಂದ ಭಾಗವಾಗುತ್ತದೆ, ಇಪ್ಪತ್ತಮೂರರಿಂದ ಆಗುವುದಿಲ್ಲ. 138ರಿಂದ ಭಾಗಿಸಿದರೆ 72 ಉಳಿಯುತ್ತದೆ, ಆದ್ದರಿಂದ ಹರ್ಷದವಲ್ಲ. ಇನ್ನು ಅಂಕಿಗಳ ವರ್ಗಗಳನ್ನು ಕೂಡುತ್ತ ಹೋಗಿ ಕೊನೆಗೆ 1 ಬಂದರೆ ಅದನ್ನು ಹ್ಯಾಪಿ ಸಂಖ್ಯೆ ಎನ್ನುತ್ತಾರೆ. ಇಲ್ಲಿ ಏಳು ಆರು ಸಲ, ಆರು ನಾಲ್ಕು ಸಲ, ಒಂಬತ್ತು ಮತ್ತು ನಾಲ್ಕು ಮೂರು ಮೂರು ಸಲ ಬಂದಿವೆ, ಸೊನ್ನೆಯಿಂದ ಒಂಬತ್ತರವರೆಗಿನ ಯಾವ ಅಂಕಿಯೂ ತಪ್ಪಿಲ್ಲ. ವರ್ಗಗಳ ಮೊತ್ತ 910. ಅದರಿಂದ 82, ಅದರಿಂದ 68, ಅದರಿಂದ 100, ಅದರಿಂದ 1. ಹ್ಯಾಪಿ ಸಂಖ್ಯೆಯೇ ಸರಿ. ಪೆನ್ಸಿಲು ಹಿಡಿದು ಆ ಒಂದನ್ನು ಮುಟ್ಟಿದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಆದರೂ ಈ ಗುಣಗಳನ್ನು ಹಿಂದಿನವುಗಳ ಸಾಲಿನಲ್ಲಿ ಇಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಹತ್ತರ ಬದಲು ಹನ್ನೆರಡರ ಪದ್ಧತಿಯಲ್ಲಿ ಬರೆದರೆ ಅಂಕಿಗಳೇ ಬೇರೆಯಾಗಿ, ಹರ್ಷದ ಮತ್ತು ಹ್ಯಾಪಿ ಎಂಬ ಲೆಕ್ಕಗಳನ್ನು ಮೊದಲಿನಿಂದ ಮಾಡಬೇಕಾಗುತ್ತದೆ. ಹನ್ನೊಂದು ಭಾಗಿಸುತ್ತದೆ ಎಂಬುದು, ಅಧಿಕ ಎಂಬುದು ಯಾವ ಲಿಪಿಯಲ್ಲಿ, ಯಾವ ಪದ್ಧತಿಯಲ್ಲಿ ಬರೆದರೂ ಬದಲಾಗುವುದಿಲ್ಲ.

ವರ್ಗ ಯಾವುದೆಂದು ತಿಳಿದಿರುವುದು ಲೆಕ್ಕವನ್ನೇ ಹೇಗೆ ಬದಲಿಸುತ್ತದೆ ಎಂಬುದಕ್ಕೆ ಶಕುಂತಲಾ ದೇವಿಯವರ ಇನ್ನೊಂದು ಪ್ರಸಿದ್ಧ ಲೆಕ್ಕವನ್ನು ಪಕ್ಕದಲ್ಲಿಟ್ಟು ನೋಡಬೇಕು. 1977ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿರುವ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ ಅವರು 201 ಅಂಕಿಗಳ ಸಂಖ್ಯೆಯೊಂದರ 23ನೆಯ ಮೂಲವನ್ನು 50 ಸೆಕೆಂಡುಗಳಲ್ಲಿ ಹೇಳಿದರು. ಉತ್ತರ 546,372,891. 201 ಅಂಕಿಗಳು 26ಕ್ಕಿಂತ ಎಷ್ಟೋ ಹೆಚ್ಚು, ನಿಜ. ಆದರೆ ಅದು 23ನೆಯ ಪೂರ್ಣಘಾತ ಎಂದು ಮೊದಲೇ ಗೊತ್ತಿರುವುದರಿಂದ, 201 ಅಂಕಿಗಳೆಂಬ ಒಂದೇ ಮಾಹಿತಿಯಿಂದ ಮೂಲವು 49 ಕೋಟಿ ಮತ್ತು 55 ಕೋಟಿಗಳ ನಡುವೆ ಇರಬೇಕೆಂದು ನಿಶ್ಚಯವಾಗುತ್ತದೆ. ಘಾತದ ಕೊನೆಯ ಅಂಕಿ 1 ಆಗಿರುವಾಗ, ಅದರ ಕೊನೆಯ ಮೂರು ಅಂಕಿಗಳೇ ಮೂಲದ ಕೊನೆಯ ಮೂರು ಅಂಕಿಗಳನ್ನು ತೀರ್ಮಾನಿಸುತ್ತವೆ. ಇದರಿಂದ ಆ ಸಾಧನೆ ಚಿಕ್ಕದಾಗುವುದಿಲ್ಲ, ನಡುವಿನ ಅಂಕಿಗಳನ್ನು ಆಕೆ ಮನಸ್ಸಿನಲ್ಲೇ ಹಿಡಿಯಬೇಕಾಗಿತ್ತು. ಆದರೆ 1980ರ ಸಂಖ್ಯೆಯ ಕಡೆಗೆ ಹೋಗುವಾಗ ಇಂಥ ಯಾವ ಊರುಗೋಲೂ ಇರಲಿಲ್ಲ. ಅಲ್ಲಿ ಬಂದ ಉತ್ತರ ಯಾವ ವಿಶೇಷ ವರ್ಗಕ್ಕೂ ಸೇರಬೇಕೆಂಬ ನಿಯಮವಿರಲಿಲ್ಲ, ಪ್ರತಿ ಅಂಕಿಯನ್ನೂ ಗುಣಾಕಾರದಿಂದಲೇ ಗಳಿಸಬೇಕಾಗಿತ್ತು.

ಗುಣಿಸುವುದಕ್ಕೂ ಬಿಡಿಸುವುದಕ್ಕೂ ಇರುವ ಅಂತರವನ್ನು ಈ ಪ್ರಕರಣ ಚೆನ್ನಾಗಿ ತೋರಿಸುತ್ತದೆ. ಗುಣ್ಯ ಮತ್ತು ಗುಣಕಗಳನ್ನು ಮುಚ್ಚಿಟ್ಟು ಬರೀ 26 ಅಂಕಿಗಳನ್ನು ಕೊಟ್ಟಿದ್ದರೆ, 330ನ್ನು ತೆಗೆಯುವುದು ಸುಲಭವಾಗುತ್ತಿತ್ತು, ಆದರೆ ಉಳಿದ 23 ಅಂಕಿಗಳ ತುಂಡನ್ನು ಎರಡಾಗಿ ಒಡೆಯಲು ಕೈಲೆಕ್ಕದವರಿಗೆ ವರ್ಷಗಳೇ ಬೇಕಾಗುತ್ತಿದ್ದವು. ಇದು ಉತ್ಪ್ರೇಕ್ಷೆಯಲ್ಲ. 2ರ 67ನೆಯ ಘಾತದಿಂದ 1 ಕಳೆದರೆ ಬರುವ 147,573,952,589,676,412,927 ಎಂಬ 21 ಅಂಕಿಗಳ ಸಂಖ್ಯೆ ಅವಿಭಾಜ್ಯವೆಂದು 1644ರಲ್ಲಿ ಮರ್ಸೆನ್ ಬರೆದಿದ್ದರು. ಅದು ಅವಿಭಾಜ್ಯವಲ್ಲ ಎಂದು 1876ರಲ್ಲಿ ಲ್ಯೂಕಾ ತೋರಿಸಿದರು, ಆದರೆ ಒಂದೇ ಒಂದು ಅಪವರ್ತನವನ್ನೂ ಕೊಡದೆ. 1903ರ ಅಕ್ಟೋಬರ್ 31ರಂದು ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಸಭೆಯಲ್ಲಿ ಎಫ್. ಎನ್. ಕೋಲ್ ಅದನ್ನು 193,707,721 ಮತ್ತು 761,838,257,287ರ ಗುಣಲಬ್ಧವೆಂದು ತೋರಿಸಿಕೊಟ್ಟರು. ಅದಕ್ಕಾಗಿ ಅವರು ಮೂರು ವರ್ಷಗಳ ಭಾನುವಾರಗಳನ್ನು ಕಳೆದರೆಂದು ಹೇಳುತ್ತಾರೆ. ಗುಣಾಕಾರ ಸಲೀಸು, ಅದರ ಹಿಂದಿರುಗುವ ದಾರಿ ದುರ್ಗಮ ಎಂಬ ಇದೇ ಅಂತರದ ಮೇಲೆ 1977ರಲ್ಲಿ ರಿವೆಸ್ಟ್, ಶಮೀರ್ ಮತ್ತು ಏಡಲ್‌ಮನ್ ತಮ್ಮ ಗುಪ್ತಲಿಪಿಯನ್ನು ನಿಲ್ಲಿಸಿದರು. ಆಗ ಅವರು ಸವಾಲಾಗಿ ಇಟ್ಟ 129 ಅಂಕಿಗಳ ಸಂಖ್ಯೆಯನ್ನು 1994ರವರೆಗೆ ಬಿಡಿಸಲಾಗಲಿಲ್ಲ, ಕೊನೆಗೆ ನೂರಾರು ಸ್ವಯಂಸೇವಕರ ಕಂಪ್ಯೂಟರುಗಳು ಸೇರಿ ಅದನ್ನು ಒಡೆಯಬೇಕಾಯಿತು.

ನಮ್ಮ ಸಂಖ್ಯೆಗೆ ಅಷ್ಟು ಪಡಿಪಾಟಲಿಲ್ಲ, ಏಕೆಂದರೆ ಅದು ಹುಟ್ಟಿದ ಬಗೆಯೇ ದಾಖಲೆಯಲ್ಲಿದೆ. ಗುಣ್ಯದಿಂದ ಬಂದ 256,212,325,829ರ ವರ್ಗಮೂಲ 506,174ರ ಆಸುಪಾಸಿನಲ್ಲಿದೆ, ಗುಣಕದಿಂದ ಬಂದ 224,099,976,889ರದ್ದು 473,392ರ ಆಸುಪಾಸಿನಲ್ಲಿ. ಅವುಗಳನ್ನು ಕೊನೆಯವರೆಗೂ ಬಿಡಿಸಲು ಈ ಮಿತಿಯೊಳಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಐದು ಲಕ್ಷದೊಳಗೆ ಅಂಥ ಅವಿಭಾಜ್ಯಗಳು 41,538 ಇವೆ. ಪೂರ್ಣ ಸಂಖ್ಯೆಗಳನ್ನು ಕತ್ತರಿಸದೆ ಇಟ್ಟುಕೊಳ್ಳುವ ಯಾವುದೇ ಸಣ್ಣ ಪ್ರೋಗ್ರಾಮಿಗೆ ಇದು ಕಣ್ಣೆವೆ ಮಿಟುಕಿಸುವಷ್ಟರ ಕೆಲಸ. ಕಾಗದದ ಮೇಲಾದರೆ, ದಿನಕ್ಕೆ ನೂರು ಭಾಗಾಕಾರಗಳಂತೆ ಮಾಡಿದರೂ ಒಂದೊಂದು ತುಂಡಿಗೆ ಒಂದು ವರ್ಷಕ್ಕೂ ಮೇಲೆ ಹಿಡಿದೀತು.